ಸೇವೆಗೆ ಬಂದದ್ದು ಇಬ್ಬರು, ವಾರ ಮಾತ್ರ ಒಬ್ಬರದು

ಶಿವಮೊಗ್ಗದಲ್ಲಿ ನಾನು ಆಪ್ತಸಮಾಲೋಚಕಿ. ಒಬ್ಬ ಹಿರಿಯ ದಂಪತಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದರು. "ಅಮ್ಮನಿಗೆ ಮಲೆನಾಡಿನ ಮಳೆ ಆಗಿಬರ್ತಿಲ್ಲ ಮೇಡಂ. ವಾಪಸ್ ಊರಿಗೆ ಹೋಗಿ ಅಂತ ಅಪ್ಪನಿಗೆ ನೀವು ಸ್ವಲ್ಪ ಹೇಳಿ." ಹೀಗೆ ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಫೋನ್ ಮಾಡುವ ಮಕ್ಕಳು ಜಾಸ್ತಿ. ಇಬ್ಬರೂ ಬರಲಿ, ಆಮೇಲೆ ನೋಡೋಣ ಎಂದೆ.

ದಂಪತಿ ಬೀದರ್ ಜಿಲ್ಲೆಯವರು. ಯಜಮಾನರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅಮ್ಮ ನಿವೃತ್ತ ಸ್ಟಾಫ್ ನರ್ಸ್. ಇಬ್ಬರಿಗೂ ಅರವತ್ತು ದಾಟಿದೆ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.) ಅವರ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ತೀರ್ಥಹಳ್ಳಿಯ ಆಚೆ ಹತ್ತು ಹನ್ನೆರಡು ಮನೆಗಳ ಒಂದು ಸಣ್ಣ ಕೂಟವಿದೆ. ಅಲ್ಲಿಗೆ ಪಾಸ್ಟರ್ ಇರಲಿಲ್ಲ. "ನಾವು ಹೋಗ್ತೀವಿ" ಎಂದು ಯಜಮಾನರು ಒಪ್ಪಿಕೊಂಡರು. ಸಂಬಳವಿಲ್ಲ, ಪಿಂಚಣಿಯಲ್ಲೇ ಖರ್ಚು. ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಬಂದು ಎರಡು ವರ್ಷವಾಗುತ್ತಾ ಬಂದಿತ್ತು.

ಮಳೆಯ ಮಾತು ಸುಳ್ಳೇನಲ್ಲ. ಬೀದರ್‌ನಲ್ಲಿ ಇಡೀ ವರ್ಷಕ್ಕೆ 900 ಮಿ.ಮೀ. ಆಸುಪಾಸು ಬಿದ್ದರೆ, ಆಗುಂಬೆಯ ಸರಾಸರಿ 7,000 ದಾಟುತ್ತದೆ. ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ, ಊರಿಂದ ತರಿಸಿದ ಜೋಳದ ಹಿಟ್ಟಿಗೆ ಬೂಸ್ಟು. ಅಂಗಳಕ್ಕೆ ಕಾಲಿಟ್ಟರೆ ಇಂಬಳ. ಆದರೆ ನನ್ನೆದುರು ಕೂತಾಗ ಅಮ್ಮ ಮಳೆಯನ್ನು ಬೈದದ್ದು ಒಂದೆರಡು ಮಾತು ಮಾತ್ರ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಆರಾಧನೆಯಲ್ಲಿ ಎಲ್ಲರಿಗಿಂತ ಮೊದಲು ಕೀರ್ತನೆ ಎತ್ತುತ್ತಿದ್ದವರು ಈಗ ಬಾಯಿ ಬಿಡುವುದಿಲ್ಲ. ಎರಡು ತಿಂಗಳಿಂದ ಹೀಗೇ.

ಇಂಥ ಲಕ್ಷಣ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಖಿನ್ನತೆ ಇದೆಯೇ ಎಂದು ನೋಡಲೇಬೇಕು. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆ ಕೇಳಿದೆ. ಕೊನೆಯದು ಸಾಯುವ ಯೋಚನೆ ಬರುತ್ತದಾ ಎಂಬುದು. ಅದಕ್ಕೆ ಸ್ಪಷ್ಟವಾಗಿ "ಇಲ್ಲ" ಎಂದರು. ಉಳಿದ ಉತ್ತರಗಳು ಮಧ್ಯಮ ಮಟ್ಟದ ಖಿನ್ನತೆಯ ಕಡೆ ಬೆರಳು ತೋರಿಸಿದವು. ಈ ವಯಸ್ಸಿನಲ್ಲಿ ಥೈರಾಯ್ಡ್, ಬಿ-12 ಕೊರತೆ ಕೂಡ ಮನಸ್ಸನ್ನು ಕುಗ್ಗಿಸುತ್ತವೆ. ಆ ರಕ್ತ ಪರೀಕ್ಷೆಗಳನ್ನು ಮಾಡಿಸಿ, ಒಮ್ಮೆ ಮನೋವೈದ್ಯರನ್ನೂ ನೋಡಿ ಬನ್ನಿ ಎಂದೆ. ರಾತ್ರಿ ಮೂರಕ್ಕೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. ಅದು ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಮುಂದಿನ ಸಲ ಬಂದಾಗ, ನಿಮ್ಮ ಒಂದು ವಾರ ಹೇಗಿರುತ್ತೆ ಹೇಳಿ ಎಂದು ಇಬ್ಬರನ್ನೂ ಕೇಳಿದೆ. ಯಜಮಾನರು ಖುಷಿಯಿಂದ ಶುರು ಮಾಡಿದರು. ಸೋಮವಾರ ಲೆಕ್ಕಪತ್ರ ಮತ್ತು ಊರಿನ ಸಭೆಗೆ ವರದಿ. ಮಂಗಳವಾರ ತೋಟದ ಕೂಲಿ ಲೈನುಗಳಲ್ಲಿ ಪ್ರಾರ್ಥನೆ. ಬುಧವಾರ ಮನೆಯಲ್ಲಿ ಸ್ತ್ರೀಯರ ಕೂಟ. ಗುರುವಾರ ಶಿವಮೊಗ್ಗಕ್ಕೆ ಬಂದು ಮೆಗ್ಗಾನ್ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ. ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಮಕ್ಕಳಿಗೆ ಪಾಠ, ಭಾನುವಾರ ಆರಾಧನೆ. ಹೇಳುತ್ತಾ ಹೇಳುತ್ತಾ ಅವರ ಮುಖವೇ ಅರಳಿತು. ನಿವೃತ್ತಿಯಾದ ಮೇಷ್ಟ್ರಿಗೆ ಮತ್ತೆ ಟೈಮ್‌ಟೇಬಲ್ ಸಿಕ್ಕಿತ್ತು.

ಆಮೇಲೆ ಅಮ್ಮ ಅದೇ ವಾರವನ್ನು ಹೇಳಿದರು. "ಬುಧವಾರ ಹದಿನೈದ್ ಮಂದಿಗಿ ಚಾ, ಉಪ್ಪಿಟ್ಟು. ಶುಕ್ರವಾರ ಉಪವಾಸ ಅವರ್ದು ರೀ, ಸಂಜಿಗಿ ಉಪವಾಸ ಬಿಡೂದಕ್ಕ ಅಡಗಿ ನಂದು. ಐತವಾರ ಎಲ್ಲಾರ್ದೂ ಊಟ ನಮ್ಮನ್ಯಾಗs. ನಾ ದವಾಖಾನ್ಯಾಗ ಇದ್ದಾಗ ವಾರಕ್ಕೊಂದಿನ ಸೂಟಿ ಇತ್ತು. ಇಲ್ಲಿ ಅದೂ ಇಲ್ಲ."

ಯಜಮಾನರು ನಕ್ಕು, "ಇಕಿ ಮಾರ್ಥಳ ಗತೆ ಆಗ್ಯಾಳ್ರೀ" ಎಂದರು. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಮಾರ್ಥ. ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕೂತು ಕೇಳುತ್ತಿದ್ದರೆ, ಈಕೆ ಉಪಚಾರದ ಗಡಿಬಿಡಿಯಲ್ಲಿ ಗೊಣಗಿದವಳು. ಮನೆಯಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೋ. ಅಮ್ಮ ಸೆರಗು ಸರಿಮಾಡಿಕೊಂಡು ಕಿಟಕಿ ಕಡೆ ತಿರುಗಿದರು. ನಾನು ಕ್ರೈಸ್ತಳಲ್ಲ, ವಚನಕ್ಕೆ ವಚನ ಹೇಳಿ ವಾದ ಮಾಡುವುದು ನನ್ನ ಕೆಲಸವೂ ಅಲ್ಲ. "ಸೇವೆ ಮಾಡುವವರು ದಣಿದಾಗ ಯೇಸು ಏನು ಹೇಳಿದ್ದಾರೆ? ಮುಂದಿನ ವಾರ ಹುಡುಕಿಕೊಂಡು ಬನ್ನಿ ಸಾರ್" ಎಂದೆ ಅಷ್ಟೆ. ಪ್ರಾಮಾಣಿಕ ಮನುಷ್ಯ. ಮಾರ್ಕ 6:31 ಗುರುತು ಮಾಡಿಕೊಂಡು ಬಂದರು. ಬಂದುಹೋಗುವ ಜನರ ದೆಸೆಯಿಂದ ಶಿಷ್ಯರಿಗೆ ಊಟಕ್ಕೂ ಪುರಸೊತ್ತಿಲ್ಲ, ಯೇಸು ಅವರನ್ನು ಏಕಾಂತದ ಜಾಗಕ್ಕೆ ಹೋಗಿ ದಣಿವಾರಿಸಿಕೊಳ್ಳಿ ಎನ್ನುತ್ತಾರೆ. ಓದಿ ಮುಗಿಸಿ ಯಜಮಾನರು ತುಂಬಾ ಹೊತ್ತು ಸುಮ್ಮನಿದ್ದರು. ಆ ದಿನದ ನಂತರ ಮಾರ್ಥಳ ಮಾತು ನನ್ನೆದುರಂತೂ ಬರಲಿಲ್ಲ.

ಇನ್ನೊಂದು ಜಗಳವೂ ಇತ್ತು. ಯಜಮಾನರು ಲೈನ್ ಮನೆಗಳಿಗೆ ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದರು. ಅಮ್ಮ ತಡೆದರೆ "ವಿಶ್ವಾಸ ಕಮ್ಮಿ" ಎನ್ನುತ್ತಿದ್ದರು. ಇಲ್ಲಿ ನಾನು ಅಮ್ಮನ ಪಕ್ಷ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು ಕಚ್ಚಿದರೆ ಬರುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಭಯ ಜಾಸ್ತಿ. ನರ್ಸ್ ಆಗಿದ್ದವರು ಹೆದರಿದರೆ ಅದು ತಿಳುವಳಿಕೆ. ಮಂಗ ಸತ್ತ ಸುದ್ದಿ ಬಂದ ಕಡೆ ಹೋಗಬಾರದು, ಉಳಿದ ಕಡೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೊರಡಬೇಕು, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಈ ವಿಷಯದಲ್ಲಿ ಅಮ್ಮನದೇ ಕೊನೆಯ ಮಾತು ಎಂದು ಯಜಮಾನರಿಂದ ಒಪ್ಪಿಸಿದೆ.

ವಾಪಸ್ ಹೋಗಿ ಎಂದು ನಾನು ಹೇಳಲಿಲ್ಲ. ಅಮ್ಮನೂ ಅದನ್ನು ಕೇಳಿರಲಿಲ್ಲ, ಕೇಳಿದ್ದು ಮಗ. ಹೀಗೆ ದೂರದ ಸೇವೆಗೆ ಹೋಗುವ ಹಿರಿಯ ದಂಪತಿಗಳು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಸಭೆಯಲ್ಲಿ ಅಂಥ ದಂಪತಿಗಳೂ ತಮ್ಮದೇ ಖರ್ಚಿನಲ್ಲಿ ಹೋಗುತ್ತಾರೆ. ಆದರೆ ಅಲ್ಲಿ 6, 12, 18 ಅಥವಾ 23 ತಿಂಗಳು ಎಂದು ಅವಧಿ ಗೊತ್ತಿರುತ್ತದೆ. ಬಟ್ಟೆ ಒಗೆಯಲು, ಸಂತೆಗೆ, ಮನೆಗೆ ಕಾಗದ ಬರೆಯಲು ವಾರದಲ್ಲಿ ಒಂದು ದಿನವನ್ನು ಬೇರೆಯೇ ಇಟ್ಟಿರುತ್ತಾರೆ. ಅವರ ನಂಬಿಕೆ ಬೇರೆ, ಇವರದು ಬೇರೆ. ಆದರೂ ಈ ಎರಡು ಕಟ್ಟುಪಾಡು ಯಾವ ಸಭೆಗಾದರೂ ಹೊಂದುತ್ತವೆ ಅಂತ ನನ್ನ ಅಭಿಪ್ರಾಯ.

ಗೋಡೆ ಕ್ಯಾಲೆಂಡರ್ ಮೇಲೆ ಇಬ್ಬರೂ ಕೂತು ವಾರವನ್ನು ಹೊಸದಾಗಿ ಬರೆದರು. ಸೋಮವಾರ ರಜೆ, ಅತಿಥಿಗಳಿಗೆ ಊಟವಿಲ್ಲ. ಶುಕ್ರವಾರದ ಅಡುಗೆ ಮನೆಗೊಂದು ಸರದಿ. ಇದಕ್ಕೆ ಯಜಮಾನರು ತುಂಬಾ ಮುಜುಗರಪಟ್ಟರು, ಆದರೆ ಸಭೆಯ ಹೆಂಗಸರು "ನೀವು ಮೊದಲೇ ಹೇಳಬಾರದಿತ್ತಾ" ಅಂದರಂತೆ. ಮಂಗಳವಾರ ಲೈನ್ ಮನೆಗಳಿಗೆ ಈಗ ಅಮ್ಮನೂ ಹೋಗುತ್ತಾರೆ, ರಸ್ತೆಯಲ್ಲಿ, ಆಟೋದಲ್ಲಿ. ಬಿಪಿ ನೋಡಿ, ಜಾಸ್ತಿ ಇದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಪಾಸ್ಟರ್ ಅಮ್ಮ ಎನ್ನುತ್ತಿದ್ದ ಜನ ಸಿಸ್ಟರ್ ಎನ್ನತೊಡಗಿದ್ದಾರೆ. ಮಗನಿಗೆ ಹೇಳಿದ್ದು ಇಷ್ಟೇ: ವಾಪಸ್ ಬನ್ನಿ ಎನ್ನುವ ಫೋನ್ ನಿಲ್ಲಿಸಿ, ಸೋಮವಾರ ಸಂಜೆ ಮೊಮ್ಮಗಳ ಕೈಗೆ ಫೋನ್ ಕೊಡಿ.

ವೈದ್ಯರು ಬಿ-12 ಕೊಟ್ಟರು, ಖಿನ್ನತೆಗೆ ಸದ್ಯ ಮಾತ್ರೆ ಬೇಡ, ನೋಡೋಣ ಎಂದರು. ಮೂರು ತಿಂಗಳಲ್ಲಿ ನಿದ್ದೆ ಬಹುಪಾಲು ಸರಿಯಾಯಿತು. ಸೋಮವಾರ ಯಾರಾದರೂ ಬಾಗಿಲು ತಟ್ಟಿದರೆ ಯಜಮಾನರು ಈಗಲೂ ಒಳಗೆ ಕರೆಯುತ್ತಾರೆ. ಆದರೆ ಚಹಾ ಅವರೇ ಮಾಡುತ್ತಾರೆ, ಅಮ್ಮ ಎದ್ದು ಬರುವುದಿಲ್ಲ. ಸೇವೆಯ ಅವಧಿ ಬರುವ ಮೇ ತಿಂಗಳವರೆಗೆ ಎಂದು ಊರಿನ ಸಭೆಗೆ ಪತ್ರ ಹೋಗಿದೆ, ಇಬ್ಬರ ಸಹಿಯೊಂದಿಗೆ. ಮುಂದುವರಿಸಬೇಕಾ ಬೇಡವಾ ಎಂಬುದನ್ನು ಮಾರ್ಚ್‌ನಲ್ಲಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರಿಗೊಬ್ಬರು ತೋರಿಸದೆ, ಬರೆದು ತರಬೇಕು ಎಂದಿದ್ದೇನೆ.