ಪಾದ್ರಿಯಾಗಲು ಓದಿದ ಸ್ಟ್ಯಾಗ್ ಕೋಚ್ ಆಗಿದ್ದು ಹೇಗೆ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾದ್ರಿಯಾಗಲು ಓದುತ್ತಿದ್ದ ಏಮಸ್ ಅಲೊಂಜೊ ಸ್ಟ್ಯಾಗ್ ಅಮೆರಿಕನ್ ಫುಟ್‌ಬಾಲ್ ಕೋಚ್ ಯಾಕಾದರು ಅಂತ ಕೇಳಿದ್ದೀರಿ. ಕಾರಣ ಸರಳ. ಜನರ ಮುಂದೆ ನಿಂತು ಮಾತಾಡುವುದು ತನ್ನಿಂದಾಗದು ಅಂತ ಅವರಿಗೆ ಅನಿಸಿತ್ತು. ಆಟದ ಮೂಲಕವೇ ಹುಡುಗರನ್ನು ತಿದ್ದಬಹುದು ಅಂದುಕೊಂಡರು.

ಆಟಗಾರನಾಗಿಯೂ ಸಾಮಾನ್ಯರಲ್ಲ. 1889ರ ಮೊದಲ ಆಲ್-ಅಮೆರಿಕ ತಂಡದಲ್ಲಿ, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ, ಅವರ ಹೆಸರಿದೆ. ಹಾಸಿಗೆಯನ್ನು ಸುರುಳಿ ಸುತ್ತಿ ನೇತುಹಾಕಿ, ಅದಕ್ಕೆ ಡಿಕ್ಕಿ ಹೊಡೆಸಿ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಕೆಡವುವುದು) ಕಲಿಸುವ ಉಪಾಯವೂ ಅವರದ್ದೇ ಅಂತಾರೆ.

ಆಮೇಲೆ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಮೇಷ್ಟ್ರಾಗಿ ಹೋದರು. ಅಲ್ಲಿ ಕೋಚ್ ಅವರೇ, ಆಡುವವರೂ ಅವರೇ! 1892ರ ಮಾರ್ಚ್‌ನಲ್ಲಿ ಅಲ್ಲೇ ನಡೆದ ಬ್ಯಾಸ್ಕೆಟ್‌ಬಾಲ್‌ನ ಮೊದಲ ಸಾರ್ವಜನಿಕ ಪಂದ್ಯದಲ್ಲಿ ವಿದ್ಯಾರ್ಥಿಗಳು ಮೇಷ್ಟ್ರುಗಳನ್ನು 5-1ರಿಂದ ಸೋಲಿಸಿದರು. ಮೇಷ್ಟ್ರುಗಳ ಕಡೆಯ ಆ ಒಂದು ಅಂಕ ಸ್ಟ್ಯಾಗ್ ಅವರದ್ದು.

ಅದೇ ವರ್ಷ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಕರೆದವರು ಯೇಲ್‌ನಲ್ಲಿ ಅವರಿಗೆ ಪಾಠ ಹೇಳಿದ್ದ, ಆಗ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್. ಅಲ್ಲಿ ನಲವತ್ತು ವರ್ಷ. 1905ರಲ್ಲಿ ಮಿಷಿಗನ್ ತಂಡವನ್ನು 2-0ರಿಂದ ಸೋಲಿಸಿದ್ದನ್ನು ಮರೆಯಬೇಡಿ. ಆ ತಂಡ ಅದಕ್ಕೂ ಮುಂಚೆ ಸತತ 56 ಪಂದ್ಯ ಸೋತೇ ಇರಲಿಲ್ಲ. (ಮುಂದೆ 1942ರಲ್ಲಿ ಮೊದಲ ಪರಮಾಣು ರಿಯಾಕ್ಟರ್ ಕೆಲಸ ಮಾಡಿದ್ದು ಅವರ ಹೆಸರಿನ ಮೈದಾನದ ಗ್ಯಾಲರಿ ಕೆಳಗೇ.)

ನನಗೆ ಜಾಸ್ತಿ ಇಷ್ಟವಾಗೋದು ಆಮೇಲಿನ ಕಥೆ. ಎಪ್ಪತ್ತಾಯಿತು ಅಂತ ಷಿಕಾಗೊದವರು ನಿವೃತ್ತಿ ಕೊಟ್ಟರು. ಸುಮ್ನೆ ಕೂರಲಿಲ್ಲ ಈ ಮನುಷ್ಯ. ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್‌ನಲ್ಲಿ ಮತ್ತೆ 14 ಸೀಸನ್ ಕೋಚ್ ಆಗಿದ್ದರು. 1943ರಲ್ಲಿ, 81ರ ವಯಸ್ಸಲ್ಲಿ, ವರ್ಷದ ಕೋಚ್ ಅಂತ ಆಯ್ಕೆಯಾದರು.