ಟಿವಿ ಸಾಕ್ಷ್ಯಚಿತ್ರಕ್ಕೆ ಮಾತನ್ನು ಮುಚ್ಚದ ಹಿನ್ನೆಲೆ ಸಂಗೀತ ಮಾಡುವುದು ಹೇಗೆ?

ಚಿತ್ರದುರ್ಗದ ಕೋಟೆ ಬಗ್ಗೆ ಟಿವಿ ಸಾಕ್ಷ್ಯಚಿತ್ರ, ಉದ್ದಕ್ಕೂ ನಿರೂಪಣೆ ಇದೆ, ಕೊಳಲು ಹಾಕಿದರೆ ಮಾತು ಕೇಳಿಸುತ್ತಿಲ್ಲ ಎಂದಿದ್ದೀರಿ. ಬರೀ ವಾಲ್ಯೂಮ್ ಇಳಿಸಿದರೆ ಸಾಲದು. ಮಾತಿನ ಸ್ಪಷ್ಟತೆ, ಅದರಲ್ಲೂ ವ್ಯಂಜನಗಳದ್ದು, ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ಕೊಳಲು, ಪಿಟೀಲಿನ ಮೇಲಿನ ಸ್ವರಗಳು ಅಲ್ಲೇ ಬಂದು ಕೂರುತ್ತವೆ. ಈಕ್ಯೂನಲ್ಲಿ (ಸದ್ದಿನ ಒಂದೊಂದು ಭಾಗವನ್ನು ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಆ ಭಾಗವನ್ನು ಸ್ವಲ್ಪ ತಗ್ಗಿಸಬಹುದು. ಅದಕ್ಕಿಂತ ವಾದ್ಯವನ್ನೇ ಬದಲಿಸುವುದು ಒಳ್ಳೆಯದು: ತಂಬೂರಿ ಶ್ರುತಿ, ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯದ ಕೆಳಗಿನ ಸ್ವರಗಳು.

ಗುನುಗುವಂಥ ಟ್ಯೂನ್ ಇದ್ದರೆ ಕಿವಿ ಅದರ ಹಿಂದೆಯೇ ಹೋಗುತ್ತದೆ. ಮಾತಿರುವಾಗ ಎರಡು ಮೂರು ಸ್ವರ ಸಾಕು. ಸ್ವರ ಬದಲಾಗುವುದು ವಾಕ್ಯ ಮುಗಿದು ನಿರೂಪಕರು ಉಸಿರು ತಗೊಳ್ಳುವ ಜಾಗದಲ್ಲಿರಲಿ. ಓಬವ್ವನ ಕಿಂಡಿ ಬಂತು ಅಂದ ತಕ್ಷಣ ನಗಾರಿ ಬಾರಿಸುವ ಚಾಳಿ ಮಾತ್ರ ಬೇಡ. ಆ ಕಥೆಯಲ್ಲೇ ಬೇಕಾದಷ್ಟು ಬಿಸಿ ಇದೆ ಅಲ್ವಾ? ಅಲ್ಲಿ ಸಂಗೀತ ಪೂರ್ತಿ ನಿಲ್ಲಿಸಿ, ಬೆಟ್ಟದ ಗಾಳಿಯ ಸದ್ದನ್ನಷ್ಟೇ ಬಿಟ್ಟು ನೋಡಿ. ಕೊಳಲನ್ನು ಮಾತಿಲ್ಲದ ಡ್ರೋನ್ ಶಾಟ್‌ಗಳಿಗೆ ಉಳಿಸಿಕೊಳ್ಳಿ.

ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮ್. ನಿಮಿಷಕ್ಕೆ 60 ಬೀಟ್ ಇಟ್ಟರೆ ಒಂದು ಬೀಟ್‌ಗೆ ಸರಿಯಾಗಿ 25 ಫ್ರೇಮ್, ಕಟ್‌ಗಳ, ಅಂದರೆ ದೃಶ್ಯ ಬದಲಾಗುವ ಜಾಗಗಳ, ಲೆಕ್ಕ ಸುಲಭ.

ಶ್ರುತಿ, ತಾಳವಾದ್ಯ, ಟ್ಯೂನ್ ಮೂರನ್ನೂ ಬೇರೆ ಬೇರೆ ಫೈಲ್ ಮಾಡಿ ಕೊಡಿ. ಮಾತಿಗೆ ಅಡ್ಡ ಬಂದರೆ ಮಿಕ್ಸಿಂಗ್‌ನವರು ಟ್ಯೂನ್ ಒಂದನ್ನೇ ತೆಗೆಯಬಹುದು. ಕಳಿಸುವ ಮುಂಚೆ ಮನೆಯ ಟಿವಿಯಲ್ಲೊಮ್ಮೆ ಕೇಳಿ. ಅದರ ಸಣ್ಣ ಸ್ಪೀಕರಿನಲ್ಲಿ ತೀರಾ ಕೆಳಗಿನ ಸ್ವರಗಳು ಕೇಳಿಸುವುದೇ ಇಲ್ಲ, ಹಾಗಾದರೆ ಚೆಲ್ಲೋವನ್ನು ಒಂದು ಸ್ಥಾಯಿ ಮೇಲಕ್ಕೆ ತನ್ನಿ.