ಏಳನೇ ತಿಂಗಳಲ್ಲಿ ಬಿಪಿ 146/94: ಉಪ್ಪು ಬಿಟ್ಟರೆ ಸಾಕೇ?

ನಿಮ್ಮ ಹೆಂಡತಿಗೆ ಏಳನೇ ತಿಂಗಳು, ಬಿಪಿ 146/94, ಆದರೆ ತೊಂದರೆಯೇನೂ ಕಾಣುತ್ತಿಲ್ಲ, ಉಪ್ಪು ಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನನಗೂ ತೊಂದರೆಯೇನೂ ಕಂಡಿರಲಿಲ್ಲ.

ನಾನು ಮಂಡ್ಯದವಳು. ಎಂಟನೇ ತಿಂಗಳಲ್ಲಿ ಬಳೆ ತೊಡಿಸಿದರು. ಅಂದು ಸಲೀಸಾಗಿ ಏರಿದ ಹಸಿರು ಗಾಜಿನ ಬಳೆಗಳು ಮೂರನೇ ದಿನಕ್ಕೆ ಮಣಿಕಟ್ಟನ್ನು ಕಚ್ಚಿ ಹಿಡಿದವು. "ಬಸುರಿಗೆ ಊತ ಮಾಮೂಲು" ಎಂದರು ಅತ್ತೆ. ಸಂಜೆ ಹೊತ್ತು ಪಾದ ಊದಿದರೆ ಆ ಮಾತು ಬಹುಮಟ್ಟಿಗೆ ಸರಿ. ಮುಖ, ಕೈ ದಿಢೀರನೆ ಊದಿದರೆ ಅಲ್ಲ. ಮನೆಗೆ ಬಂದ ಆಶಾ ಕಾರ್ಯಕರ್ತೆ ಬಳೆ ನೋಡಿದವರೇ, ತಾಯಿ ಕಾರ್ಡ್ ಕೈಗೆತ್ತಿಕೊಂಡು ನನ್ನನ್ನು ಹೊರಡಿಸಿದರು. ಬಿಪಿ 150/100. ಮೂತ್ರದಲ್ಲಿ ಅದ್ದಿದ ಹಳದಿ ಪಟ್ಟಿ ನೋಡನೋಡುತ್ತಲೇ ಹಸಿರಾಯಿತು, ಪ್ರೋಟೀನ್ ಸೋರುತ್ತಿತ್ತು.

20 ವಾರಗಳ ನಂತರ ಬಿಪಿ 140/90 ಮುಟ್ಟಿ, ಜೊತೆಗೆ ಪ್ರೋಟೀನ್ ಹೋದರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಇದರ ಬೇರು ಉಪ್ಪಿನ ಡಬ್ಬಿಯಲ್ಲಿಲ್ಲ, ಮಾಸಿನಲ್ಲಿದೆ. ಮಾಸಿಗೆ ರಕ್ತ ಕೊಡುವ ನಾಳಗಳು ಬೇಕಾದಷ್ಟು ಹಿಗ್ಗದೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ತಾಯಿಯ ಲಿವರ್, ಮೂತ್ರಪಿಂಡ, ಮೆದುಳಿಗೂ ಪೆಟ್ಟು ಬೀಳಬಹುದು, ಫಿಟ್ಸ್ ಬರಬಹುದು. ಹಾಗಾಗಿ ಇವತ್ತೇ ಹೋಗಿ ಬಿಪಿ ಮತ್ತೆ ನೋಡಿಸಿ; ಮೂತ್ರ, ರಕ್ತ ಪರೀಕ್ಷೆ, ಮಗುವಿನ ಸ್ಕ್ಯಾನ್ ಮಾಡಿಸಿ. ತೀವ್ರ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮಧ್ಯರಾತ್ರಿಯಾದರೂ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಹಿರಿಯರ ಬಿಪಿ ಮಾತ್ರೆ ಇದ್ದೇ ಇರುತ್ತದೆ. ದಯವಿಟ್ಟು ಅದನ್ನು ಕೊಡಬೇಡಿ. ಟೆಲ್ಮಿಸಾರ್ಟನ್, ಎನಾಲಪ್ರಿಲ್ ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ನನಗೆ ಕೊಟ್ಟದ್ದು ಲ್ಯಾಬೆಟಲಾಲ್.

ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ, ಕಾಯಿಲೆಯನ್ನಲ್ಲ. 33ನೇ ವಾರದಲ್ಲಿ ನನ್ನ ಬಿಪಿ 160/110ಕ್ಕೆ ಏರಿತು. ಮೈಸೂರಿಗೆ ಕಳಿಸಿದರು. ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಹಾಕಿದರು. ಮೈಯೆಲ್ಲ ಬೆಂಕಿ ಹರಿದಂತಾಗುತ್ತದೆ, ಹೆದರಬೇಡಿ ಎಂದು ನರ್ಸ್ ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟು ಹೆರಿಗೆ ಮಾಡಿಸಿದರು. ಮಗಳು 1.7 ಕೆ.ಜಿ. ಇದ್ದಳು. ಈಗ ಒಂದನೇ ತರಗತಿ.

ಹೆರಿಗೆಯಾಯಿತು, ಮುಗಿಯಿತು ಎಂದುಕೊಂಡಿದ್ದೆವು. ಐದನೇ ದಿನ ಬಿಪಿ ಮತ್ತೆ ಏರಿತು. ಬಾಣಂತನದಲ್ಲೂ ಫಿಟ್ಸ್ ಬರುವುದುಂಟು, ಆದ್ದರಿಂದ ಡಾಕ್ಟರ್ ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ.